ಮುಂಬಯಿಯ ಮಳೆಗಾಲ ಮತ್ತು ನನ್ನ ಸಾರಿನ ಪುಡಿ

ಮದುವೆಯಾಗಿ ಉಡುಪಿಯಿಂದ ಮುಂಬಯಿ ಬಳಿಯ ಡೊಂಬಿವಲಿಗೆ ಬಂದ ಮೊದಲ ವರ್ಷ, ಮೇ ತಿಂಗಳಿನಲ್ಲಿ ಒಂದೂವರೆ ಕಿಲೋ ಸಾರಿನ ಪುಡಿ ಮಾಡಿ ದೊಡ್ಡ ಗಾಜಿನ ಭರಣಿಗೆ ತುಂಬಿಸಿ, ಕೈಗೆ ಸುಲಭವಾಗಿ ಸಿಗಲೆಂದು ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ಚೌತಿ ಬರುವಷ್ಟರಲ್ಲಿ ಭರಣಿಯ ಕಿಟಕಿ ಕಡೆಯ ಮಗ್ಗುಲಲ್ಲಿ ಬ್ಯಾಡಗಿ ಮೆಣಸಿನ ಕೆಂಪು ಮಾಸಿಹೋಗಿತ್ತು. ಚಮಚ ಹಾಕಿದರೆ ಪುಡಿ ಗಂಟುಗಂಟಾಗಿ ಬರುತ್ತಿತ್ತು. ಆ ದಿನ ಸಾರು ಬಡಿಸಿಕೊಂಡ ಅತ್ತೆ, "ಇದರಲ್ಲಿ ಖಾರ ಮಾತ್ರ ಉಂಟು, ಪರಿಮಳ ಇಲ್ಲ" ಎಂದರು. ಅವರ ಮಾತು ಅಕ್ಷರಶಃ ಸರಿಯಾಗಿತ್ತು. ಮೆಣಸಿನ ಖಾರದ ಅಂಶ ಸುಲಭವಾಗಿ ಆರಿಹೋಗುವಂಥದ್ದಲ್ಲ. ಕೊತ್ತಂಬರಿ, ಜೀರಿಗೆಯ ಘಮವಾದರೋ ಗಾಳಿಗೆ ಹಾರಿಹೋಗುವ ಎಣ್ಣೆಯಲ್ಲಿರುತ್ತದೆ. ಇಡೀ ಕಾಳಿನೊಳಗೆ ಭದ್ರವಾಗಿದ್ದ ಆ ಎಣ್ಣೆ ಕಾಳು ಪುಡಿಯಾದೊಡನೆ ಗಾಳಿಗೆ ತೆರೆದುಕೊಳ್ಳುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಅಡುಗೆಮನೆ ಘಮಘಮಿಸುವುದನ್ನು ಕಂಡು ಹಿಗ್ಗುತ್ತಿದ್ದ ನನಗೆ, ಅಷ್ಟೂ ಘಮ ಭರಣಿಯಿಂದ ಖರ್ಚಾಗುತ್ತಿದೆ ಎಂಬುದು ಹೊಳೆದಿರಲಿಲ್ಲ.

ಆದ್ದರಿಂದ ಈಗ ಕೊತ್ತಂಬರಿ, ಜೀರಿಗೆ, ಮೆಂತ್ಯಗಳನ್ನು ಇಡಿಯಾಗಿಯೇ ಇಟ್ಟುಕೊಂಡು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಹುರಿದು ಮಿಕ್ಸಿಯಲ್ಲಿ ಪುಡಿ ಮಾಡುತ್ತೇನೆ. ಮೆಣಸಿಗೆ ಮಾತ್ರ ಈ ಕ್ರಮ ಒಗ್ಗುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಮೆಣಸು ಥಂಡಿ ಹಿಡಿದು ಮೆತ್ತಗಾಗುತ್ತದೆ, ಬೂಷ್ಟು ಬರುತ್ತದೆ, ಒಣಗಿಸೋಣವೆಂದರೆ ಬಿಸಿಲೇ ಇರುವುದಿಲ್ಲ. ಮುಂಬಯಿಯ ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಯಲ್ಲಿ ಬೇಸಿಗೆಯಲ್ಲಿಯೇ ವರ್ಷದ ಮಸಾಲೆ ಕುಟ್ಟಿಸುವವರ ಗದ್ದಲ ಇರುವುದು ಅದಕ್ಕಾಗಿಯೇ. ನಾನೂ ಬ್ಯಾಡಗಿ ಮೆಣಸನ್ನು ಅಲ್ಲಿಯೇ ಕುಟ್ಟಿಸಿ ತರುತ್ತೇನೆ.

ಪುಡಿ ಗಿರಣಿಯದಿರಲಿ, ಮಿಕ್ಸಿಯದಿರಲಿ, ಬಿಸಿ ಇರುವಾಗ ಡಬ್ಬಿಗೆ ತುಂಬಬಾರದು. ಒಮ್ಮೆ ಅವಸರದಲ್ಲಿ ಹಾಗೆ ಮಾಡಿ, ಅರ್ಧ ಗಂಟೆಯ ಬಳಿಕ ತೆರೆದು ನೋಡಿದರೆ ಮುಚ್ಚಳದ ಒಳಗೆಲ್ಲ ಸಾಸಿವೆಯಷ್ಟು ಸಣ್ಣ ನೀರಹನಿಗಳು ಮೂಡಿದ್ದವು. ಈಗ ಅಗಲವಾದ ಹರಿವಾಣದಲ್ಲಿ ತೆಳ್ಳಗೆ ಹರಡಿ, ಬಟ್ಟೆ ಮುಚ್ಚಿ, ಫ್ಯಾನ್ ಹಾಕದೆ, ಪೂರ್ತಿ ತಣಿದ ಮೇಲೆಯೇ ತುಂಬುತ್ತೇನೆ.

ಮೆಣಸಿನ ಪುಡಿಯನ್ನು 200 ಗ್ರಾಂನಂತೆ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿ, ಒಳಗಿನ ಗಾಳಿಯನ್ನು ಒತ್ತಿ ಹೊರತೆಗೆದು, ಬಾಯಿ ಬಿಗಿದು, ತಾರೀಕು ಬರೆದ ಚೀಟಿ ಅಂಟಿಸಿ, ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರೀಜರ್‌ಗೆ ಸೇರಿಸುತ್ತೇನೆ. ಇದರಲ್ಲಿಯೂ ಒಂದು ತಪ್ಪು ಮಾಡಿಯೇ ಕಲಿತೆ. ಮೊದಲು ತಣ್ಣಗಿನ ಪೊಟ್ಟಣವನ್ನು ತೆಗೆದ ಕೂಡಲೇ ಬಿಚ್ಚುತ್ತಿದ್ದೆ, ಬೇಕಾದಷ್ಟು ತೆಗೆದುಕೊಂಡು ಮತ್ತೆ ಒಳಗಿಡುತ್ತಿದ್ದೆ. ಮಳೆಗಾಲದ ಗಾಳಿಯಲ್ಲಿನ ನೀರೆಲ್ಲ ಆ ತಂಪು ಪುಡಿಯ ಮೇಲೆ ಇಳಿದು, ಎರಡೇ ವಾರದಲ್ಲಿ ಅದು ಹೆಪ್ಪುಗಟ್ಟಿತು. ಈಗ ರಾತ್ರಿ ಮಲಗುವ ಮುಂಚೆ ಹೊರಗಿಟ್ಟ ಪೊಟ್ಟಣವನ್ನು ಬೆಳಿಗ್ಗೆ ಬಿಚ್ಚುತ್ತೇನೆ; ಬಿಚ್ಚಿದ್ದು ಮತ್ತೆ ಫ್ರೀಜರ್‌ಗೆ ಹೋಗುವುದಿಲ್ಲ.

ದಿನಬಳಕೆಗೆ ಪುಟ್ಟ ಸ್ಟೀಲ್ ಡಬ್ಬಿಗಳಿವೆ. ಪುಡಿಯ ಮೇಲೆ ಖಾಲಿ ಜಾಗವಿದ್ದಷ್ಟೂ ಗಾಳಿ ಇರುತ್ತದೆಯಾದ್ದರಿಂದ ಕಂಠಪೂರ್ತಿ ತುಂಬಿ, ಒಲೆಯಿಂದ ದೂರದ ಕಪಾಟಿನಲ್ಲಿ ಇಡುತ್ತೇನೆ. ಪಕ್ಕದ ಮನೆಯ ಮರಾಠಿ ಅಜ್ಜಿ ಹುಳ ಬರದಿರಲೆಂದು ಮಸಾಲೆಯ ತಳದಲ್ಲಿ ಗಟ್ಟಿ ಇಂಗಿನ ತುಂಡು ಇಡುತ್ತಾರೆ. ನಾನು ಮೆಣಸಿನ ಪುಡಿಗೆ ಮಾತ್ರ ಹಾಗೆ ಮಾಡುತ್ತೇನೆ. ಕೊತ್ತಂಬರಿಯ ಮೃದುವಾದ ಘಮವನ್ನು ಇಂಗು ನುಂಗಿಬಿಡುತ್ತದೆ.

ಎಲ್ಲಕ್ಕಿಂತ ಕಷ್ಟಪಟ್ಟು ಬಿಟ್ಟದ್ದು, ಕುದಿಯುವ ಪಾತ್ರೆಯ ಮೇಲೆಯೇ ಡಬ್ಬಿ ಹಿಡಿದು ಪುಡಿ ಹಾಕುವ ಅಭ್ಯಾಸವನ್ನು. ಆ ಹಬೆ ನೇರವಾಗಿ ಡಬ್ಬಿಯೊಳಗೆ ಹೋಗುತ್ತದೆ. ಈಗ ಕಪಾಟಿನ ಬಳಿಯೇ ನಿಂತು, ಒಣಗಿದ ಚಮಚದಿಂದ ಬಟ್ಟಲಿಗೆ ತೆಗೆದುಕೊಂಡು, ಮುಚ್ಚಳ ಹಾಕಿದ ಮೇಲೆಯೇ ಒಲೆಯ ಹತ್ತಿರ ಬರುತ್ತೇನೆ.

ಇಷ್ಟಾದರೂ ತಿಂಗಳ ಕೊನೆಗೆ ಸಾರಿನ ಪುಡಿಯ ಘಮ ಕೊಂಚ ಇಳಿಯುತ್ತದೆ. ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, ಮಂಕಾಗಿದೆ ಎನಿಸಿದರೆ, ಒಂದು ಚಮಚ ಕೊತ್ತಂಬರಿ ಕಾಳನ್ನು ಆಗಲೇ ಬೆಚ್ಚಗೆ ಹುರಿದು, ಕಲ್ಲಿನಲ್ಲಿ ಜಜ್ಜಿ, ಸಾರು ಇಳಿಸುವ ಮುನ್ನ ಸೇರಿಸುತ್ತೇನೆ.