ಕ್ರಿಪ್ಟೊ ಕೀಲಿ ನಿಮ್ಮ ಕೈಯಲ್ಲೇ ಇರಲಿ

2024ರ ಜುಲೈ 18ರಂದು ನಮ್ಮ ದೇಶದ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್ ಕೊಂಡು ಮಾರುವ ತಾಣದಿಂದ, ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಯಿತು. ವರ್ಷ ಕಳೆದರೂ ಜನರಿಗೆ ತಮ್ಮ ಕಾಯಿನ್ ಹೊರತೆಗೆಯಲು ಆಗಿರಲಿಲ್ಲ. ಕಾಯಿನ್ ಎಕ್ಸ್‌ಚೇಂಜ್‌ನಲ್ಲಿಟ್ಟರೆ ಅದನ್ನು ಸಾಗಿಸಲು ಬೇಕಾದ ಗುಪ್ತ ಸಂಕೇತ, ಅಂದರೆ ಕೀಲಿ, ಅವರ ಹತ್ತಿರ ಇರುತ್ತದೆ, ಅಲ್ವಾ? ಅದನ್ನು ನಮ್ಮ ಕೈಗೆ ತಂದುಕೊಡುವುದೇ ಹಾರ್ಡ್‌ವೇರ್ ವಾಲೆಟ್.

ಪೆನ್‌ಡ್ರೈವ್‌ನಷ್ಟು ಚಿಕ್ಕ ಯಂತ್ರ ಇದು. ಕಾಯಿನ್ ಇದರೊಳಗೆ ಇರುವುದಿಲ್ಲ, ಅದು ಬ್ಲಾಕ್‌ಚೈನ್ ಎಂಬ, ಸಾವಿರಾರು ಕಂಪ್ಯೂಟರ್‌ಗಳಲ್ಲಿ ಹಂಚಿರುವ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ಒಳಗಿರುವುದು ಕೀಲಿ ಮಾತ್ರ. ಕಂಪ್ಯೂಟರಿಗೆ ಸಿಕ್ಕಿಸಿದರೂ ಆ ಕೀಲಿ ಹೊರಗೆ ಬರುವುದಿಲ್ಲ.

ಟ್ರೆಜರ್, ಲೆಜರ್ ಕಂಪನಿಗಳ ವಾಲೆಟ್ ಯಾವುದಾದರೂ ಸರಿ, ಕಂಪನಿಯಿಂದಲೇ ನೇರವಾಗಿ ತರಿಸಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಆನ್ ಮಾಡಿದ ಮೇಲೆ ಯಂತ್ರವೇ ತೋರಿಸಬೇಕಾದ ಗುಪ್ತ ಪದಗಳನ್ನು ಮೊದಲೇ ಬರೆದ ಚೀಟಿ ಡಬ್ಬಿಯಲ್ಲಿದ್ದರೆ ಅದು ಕಳ್ಳನ ಬಲೆ. ಆ ಯಂತ್ರವನ್ನು ಬಳಸಬೇಡಿ.

ಆನ್ ಮಾಡಿ ಪಿನ್ ಇಟ್ಟುಕೊಳ್ಳಿ. ಆಮೇಲೆ ಯಂತ್ರ ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಗೊತ್ತುಪಡಿಸಿದ ಪಟ್ಟಿಯಿಂದ ಆರಿಸಿದ ಈ ಪದಗಳೇ ನಿಮ್ಮ ಆಸ್ತಿ. ಯಂತ್ರ ಕಳೆದುಹೋದರೆ ಇನ್ನೊಂದು ಕೊಂಡು ಈ ಪದಗಳನ್ನು ಹಾಕಿದರೆ ಅದೇ ಕೀಲಿ ಮತ್ತೆ ಸಿಗುತ್ತದೆ, ಯಂತ್ರದ ಜೊತೆ ಪದಗಳೂ ಹೋದರೆ ಯಾರೂ ಏನೂ ಮಾಡಲಾರರು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಬಾಲ್ ಪೆನ್ನಿನಲ್ಲಿ, ಕ್ರಮಸಂಖ್ಯೆ ಹಾಕಿ, ಕಾಗದದ ಮೇಲೆ ಬಿಡಿಸಿ ಬರೆಯಿರಿ. ಫೋಟೊ ಬೇಡ, ವಾಟ್ಸ್‌ಆ್ಯಪ್ ಬೇಡ. ಗ್ಯಾಲರಿಯ ಫೋಟೊ ಸದ್ದಿಲ್ಲದೆ ಕ್ಲೌಡಿಗೆ ಹೋಗಿರಬಹುದು.

ಮುಂದಿನ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೀವು ಖಂಡಿತ ಬಿಡಬೇಡಿ. ವಾಲೆಟ್ ಇನ್ನೂ ಖಾಲಿ ಇರುವಾಗಲೇ ಯಂತ್ರವನ್ನು ರೀಸೆಟ್ ಮಾಡಿ, ಕಾಗದ ನೋಡಿಕೊಂಡು ಪದಗಳನ್ನು ಮತ್ತೆ ಹಾಕಿ. ನಾನು ಹೀಗೆ ಮಾಡಿದಾಗ ಯಂತ್ರ ಒಪ್ಪಲೇ ಇಲ್ಲ. ನೋಡಿದರೆ 8 ಮತ್ತು 9ನೇ ಪದಗಳು ಅದಲುಬದಲಾಗಿದ್ದವು. ದುಡ್ಡು ಹಾಕಿದ ಮೇಲೆ ಇದು ಗೊತ್ತಾಗಿದ್ದರೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆವತ್ತು ವಾಲೆಟ್ ಖಾಲಿ ಇತ್ತು, ಹೊಸ ಪದಗಳನ್ನು ಪಡೆದು ಮೊದಲಿನಿಂದ ಶುರುಮಾಡಿದೆ.

ಕಾಗದ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಎಕ್ಸ್‌ಚೇಂಜ್‌ನಿಂದ ಸ್ವಲ್ಪವೇ ಮೊತ್ತ ಕಳಿಸಿ ನೋಡಿ. ಹಣ ಯಾವ ವಾಲೆಟ್‌ಗೆ ಹೋಗಬೇಕೆಂದು ಹೇಳುವ ಉದ್ದನೆಯ ವಿಳಾಸವನ್ನು ಕಾಪಿ ಮಾಡಿದಾಗ ಅದನ್ನು ಬದಲಿಸುವ ವೈರಸ್‌ಗಳಿವೆ. ಅದಕ್ಕೆ ವಿಳಾಸವನ್ನು ಯಂತ್ರದ ಪುಟ್ಟ ಪರದೆಯಲ್ಲೇ ಪೂರ್ತಿ ಓದಿ ಹೋಲಿಸಿ. ಮುಂದೆ ಬೇರೆಯವರಿಗೆ ಕಳಿಸುವಾಗಲೂ ಇದೇ ನಿಯಮ. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಿತು. ಅಲ್ಲಿ ಕಂಪ್ಯೂಟರ್ ಪರದೆ ತೋರಿಸಿದ್ದೇ ಒಂದು, ಒಪ್ಪಿಗೆಯ ಡಿಜಿಟಲ್ ಸಹಿ ಬಿದ್ದದ್ದೇ ಇನ್ನೊಂದಕ್ಕೆ. ಯಂತ್ರದಲ್ಲಿ ಕಾಣುವುದು ಅರ್ಥವಾಗದಿದ್ದರೆ ಬಟನ್ ಒತ್ತಬೇಡಿ.

ಪದಗಳ ಎರಡು ಪ್ರತಿ ಮಾಡಿ, ಎರಡು ಬೇರೆ ಜಾಗದಲ್ಲಿಡಿ. ಗೆದ್ದಲು, ಮಳೆ ನೀರಿನ ಭಯವಿದ್ದರೆ ಸ್ಟೀಲ್ ತಗಡಿನ ಮೇಲೆ ಕೊರೆದಿಡಿ. ಕಂಪನಿಯವರು ಎಂದು ಹೇಳಿಕೊಂಡು ಯಾರೇ ಪದಗಳನ್ನು ಕೇಳಿದರೂ ಕೊಡಬೇಡಿ, ನಿಜವಾದ ಕಂಪನಿ ಅದನ್ನು ಕೇಳುವುದೇ ಇಲ್ಲ. ಆದರೆ ಮನೆಯಲ್ಲಿ ನಂಬಿಕೆಯ ಒಬ್ಬರಿಗಾದರೂ ಪದಗಳ ಆ ಪ್ರತಿಗಳು ಎಲ್ಲಿವೆ, ಅವನ್ನು ಏನು ಮಾಡಬೇಕು ಎಂದು ಕೂರಿಸಿಕೊಂಡು ತಿಳಿಸಿಡಿ.