ಫೋನ್ ಬದಲಿಸಬೇಕಾ, ಐಫೋನಿಗೆ ಹೋಗಬೇಕಾ? ನಾನು ನಿರ್ಧರಿಸಿದ ಬಗೆ

ಅಮ್ಮನ ಜೊತೆ ಮಾತಾಡುತ್ತಿದ್ದಾಗಲೇ ಫೋನ್ ಆಫ್ ಆಯಿತು. ಬ್ಯಾಟರಿ ಇನ್ನೂ 23% ತೋರಿಸುತ್ತಿತ್ತು. ಚಾರ್ಜರ್ ಹಾಕಿ, ಅದು ಮತ್ತೆ ಆನ್ ಆಗುವವರೆಗೆ ಕಾದು, ನಾನು ವಾಪಸ್ ಕರೆ ಮಾಡುವಷ್ಟರಲ್ಲಿ ಅಮ್ಮ ಗಾಬರಿಯಾಗಿದ್ದರು. ಅವತ್ತು ರಾತ್ರಿಯೇ ಹೊಸ ಫೋನ್ ನೋಡಲು ಕೂತೆ. ನನ್ನದು ನಾಲ್ಕು ವರ್ಷ ಹಳೆಯ ಆಂಡ್ರಾಯ್ಡ್. ತಮ್ಮ ಮೊದಲಿಂದಲೂ ಐಫೋನ್ ಬಳಸುವವನು. "ಅಕ್ಕಾ, ಹೇಗೂ ಬದಲಿಸ್ತಿದೀಯಲ್ಲ, ಈ ಸಲ ಐಫೋನೇ ತಗೋ" ಎಂದ.

ಅವತ್ತು ನಾನು ಏನನ್ನೂ ಕೊಳ್ಳಲಿಲ್ಲ. ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ನನ್ನ ತಲೆಯಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಈ ಫೋನ್ ಇನ್ನು ಸಾಕಾ ಅನ್ನುವುದು ಒಂದು. ಆಂಡ್ರಾಯ್ಡ್ ಬಿಟ್ಟು ಹೋಗಬೇಕಾ ಅನ್ನುವುದು ಇನ್ನೊಂದು. ಮೊದಲನೆಯದು ಪಾತ್ರೆ ಬದಲಿಸಿದ ಹಾಗೆ. ಎರಡನೆಯದು ಮನೆ ಬದಲಿಸಿದ ಹಾಗೆ. ಎರಡನ್ನೂ ಒಂದೇ ರಾತ್ರಿಯಲ್ಲಿ, ಅದೂ ಸಿಟ್ಟಿನಲ್ಲಿ ತೀರ್ಮಾನಿಸುವುದು ಬೇಡ ಅನ್ನಿಸಿತು.

ಹಾಗಾಗಿ ಒಂದು ಸಣ್ಣ ಕೆಲಸ ಮಾಡಿದೆ. ಎರಡು ವಾರ ಒಂದು ಚೀಟಿ ಇಟ್ಟುಕೊಂಡೆ. ಫೋನ್ ಕಿರಿಕಿರಿ ಮಾಡಿದಾಗಲೆಲ್ಲ ಅದರಲ್ಲಿ ಒಂದು ಸಾಲು ಬರೆದೆ. ಏನು ಮಾಡುತ್ತಿದ್ದೆ, ಏನಾಯಿತು, ಅಷ್ಟೇ. ಎರಡು ವಾರ ಕಳೆದಾಗ 17 ಸಾಲುಗಳಾಗಿದ್ದವು. ಅದರಲ್ಲಿ 9 ಬ್ಯಾಟರಿಯವು. 5 ಜಾಗ ಸಾಲದೆ ಬಂದವು: ಫೋಟೋ ಸೇವ್ ಆಗಲಿಲ್ಲ, ಆ್ಯಪ್ ಅಪ್‌ಡೇಟ್ ಆಗಲಿಲ್ಲ, ಹೀಗೆ. ಕ್ಯಾಮೆರಾ ಬಗ್ಗೆ ಇದ್ದದ್ದು ಎರಡೇ ಸಾಲು. ಪ್ರೊಸೆಸರ್ ನಿಧಾನ ಅನ್ನಬಹುದಾದದ್ದು ಒಂದೇ ಒಂದು. ಹೊಸ ಫೋನಿನ ಜಾಹೀರಾತುಗಳಲ್ಲಿ ಜಾಸ್ತಿ ಹೇಳುವುದು ಯಾವುದನ್ನು? ಕ್ಯಾಮೆರಾ ಮತ್ತು ಪ್ರೊಸೆಸರ್ ಅನ್ನೇ ಅಲ್ವಾ? ನನ್ನ ತೊಂದರೆಗಳಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಬೇರೆಯೇ ಆಗಿದ್ದವು.

ಬ್ಯಾಟರಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಿಥಿಯಂ ಅಯಾನ್ ಬ್ಯಾಟರಿಯ ಆಯಸ್ಸನ್ನು ಚಾರ್ಜ್ ಸುತ್ತುಗಳಲ್ಲಿ ಎಣಿಸುತ್ತಾರೆ. ಇವತ್ತು ಅರ್ಧ, ನಾಳೆ ಅರ್ಧ ಖರ್ಚು ಮಾಡಿದರೆ ಎರಡೂ ಸೇರಿ ಒಂದು ಸುತ್ತು. ಐಫೋನ್ 14 ಮತ್ತು ಅದಕ್ಕೂ ಹಿಂದಿನವು 500 ಸುತ್ತಿನ ನಂತರವೂ 80% ಶಕ್ತಿ ಉಳಿಸಿಕೊಳ್ಳುವಂತೆ ಮಾಡಿದವು ಎಂದು ಆಪಲ್ ಹೇಳುತ್ತದೆ. ಐಫೋನ್ 15ರಿಂದ ಅದು 1000 ಸುತ್ತು. ಆಂಡ್ರಾಯ್ಡ್ ಫೋನುಗಳಲ್ಲೂ ಬ್ಯಾಟರಿಯ ರಸಾಯನ ಇದೇ. ನಾನು ದಿನಕ್ಕೆ ಹತ್ತಿರ ಹತ್ತಿರ ಒಂದು ಸುತ್ತು ಮುಗಿಸುವವಳು. ನಾಲ್ಕು ವರ್ಷ ಅಂದರೆ ಲೆಕ್ಕ ನೀವೇ ಹಾಕಿ.

23%ರಲ್ಲಿ ಯಾಕೆ ಆಫ್ ಆಗುತ್ತಿತ್ತು ಎಂಬುದೂ ಆಗ ಅರ್ಥವಾಯಿತು. ಹಳೆಯದಾದ ಬ್ಯಾಟರಿಯ ಒಳಗೆ ವಿದ್ಯುತ್ ಹರಿವಿಗೆ ತಡೆ ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗ, ಸಿಗ್ನಲ್ ಕಡಿಮೆ ಇರುವ ಕಡೆ ಮಾತಾಡುವಾಗ ಫೋನ್ ಒಮ್ಮೆಲೇ ಜಾಸ್ತಿ ವಿದ್ಯುತ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿಯುತ್ತದೆ, ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇರುತ್ತದೆ, ಆದರೆ ಬೇಕಾದಷ್ಟು ಬೇಗ ಕೊಡಲು ಅದಕ್ಕೆ ಆಗುವುದಿಲ್ಲ. ಫೋನ್ ಸತ್ತಿಲ್ಲ, ಅದರ ಒಂದು ಭಾಗ ಸವೆದಿದೆ ಅಷ್ಟೇ ಎಂದು ಗೊತ್ತಾದಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸಿಕೊಂಡೆ. ಹೊಸ ಫೋನಿನ ಖರ್ಚಿನ ಮುಂದೆ ಅದು ಏನೂ ಅಲ್ಲ. ಆಮೇಲೆ ಜಾಗದ ಕೆಲಸ. 64 ಜಿಬಿಯಲ್ಲಿ 61 ತುಂಬಿತ್ತು. ಫ್ಲ್ಯಾಶ್ ಮೆಮೊರಿ ಇಷ್ಟು ತುಂಬಿದರೆ ಬರೆಯಲು ಖಾಲಿ ಜಾಗ ಹುಡುಕುವುದರಲ್ಲೇ ಫೋನ್ ನಿಧಾನವಾಗುತ್ತದೆ. ವಾಟ್ಸಾಪ್ ಗುಂಪುಗಳಿಂದ ತಾನಾಗಿ ಇಳಿದ ವಿಡಿಯೋಗಳೇ 14 ಜಿಬಿ ಇದ್ದವು. ಅವನ್ನು ಅಳಿಸಿದೆ, ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದೆ. ಫೋಟೋಗಳನ್ನು ಕಂಪ್ಯೂಟರಿಗೂ ಒಂದು ಹಾರ್ಡ್ ಡಿಸ್ಕಿಗೂ ಹಾಕಿಕೊಂಡು ಫೋನಿನಿಂದ ತೆಗೆದೆ. ಅದೇ ಫೋನ್ ಇನ್ನೂ 14 ತಿಂಗಳು ಚೆನ್ನಾಗಿ ನಡೆಯಿತು. ಆ ರಾತ್ರಿ ಕೊಂಡಿದ್ದರೆ ಅಷ್ಟೂ ತಿಂಗಳು ಸುಮ್ನೆ ಕಳೆದುಕೊಳ್ಳುತ್ತಿದ್ದೆ.

ಕೊನೆಗೆ ಫೋನ್ ಬದಲಿಸುವಂತೆ ಮಾಡಿದ್ದು ಸೆಕ್ಯುರಿಟಿ ಅಪ್‌ಡೇಟ್, ಅಂದರೆ ಕಳ್ಳರು ನುಗ್ಗಬಹುದಾದ ದೋಷಗಳನ್ನು ಮುಚ್ಚಲು ಕಂಪನಿ ಕಳಿಸುವ ತಿದ್ದುಪಡಿ, ನಿಂತುಹೋದದ್ದು. ಹಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಆಂಡ್ರಾಯ್ಡ್ ಆವೃತ್ತಿಯ ಪುಟ ತೆರೆದರೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳಿನದು ಅಂತ ಇರುತ್ತದೆ. ನನ್ನದರಲ್ಲಿ ಆ ದಿನಾಂಕ ಮುಂದಕ್ಕೆ ಹೋಗುವುದನ್ನೇ ನಿಲ್ಲಿಸಿತ್ತು. ಕಂಪನಿ ಹೇಳಿದ್ದ ಅವಧಿ ಮುಗಿದಿತ್ತು. ಆ್ಯಪ್‌ಗಳೆಲ್ಲ ಮೊದಲಿನಂತೆಯೇ ನಡೆಯುತ್ತಿದ್ದವು, ಅದಕ್ಕೇ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ವ್ಯವಸ್ಥೆಯ ಕೆಲವು ಭಾಗಗಳು ಪ್ಲೇ ಸ್ಟೋರ್ ಮೂಲಕವೇ ಅಪ್‌ಡೇಟ್ ಆಗುತ್ತವೆ, ನಿಜ. ಆದರೆ ಕರ್ನಲ್ (ವ್ಯವಸ್ಥೆಯ ತಿರುಳು), ಚಿಪ್ಪನ್ನು ನಡೆಸುವ ಡ್ರೈವರ್ ತಂತ್ರಾಂಶ ಇಂಥವನ್ನು ಸರಿಪಡಿಸಿ ಕೊಡಬೇಕಾದದ್ದು ಫೋನ್ ತಯಾರಿಸಿದವರೇ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಆ ಬಾಗಿಲು ತೆರೆದಿಡಲು ನನಗೆ ಮನಸ್ಸಾಗಲಿಲ್ಲ. ಬ್ಯಾಟರಿ ಹೋದರೆ ಬದಲಿಸಬಹುದು, ಪರದೆ ಒಡೆದರೆ ಹಾಕಿಸಬಹುದು. ಅಪ್‌ಡೇಟ್ ನಿಂತರೆ ನಾವು ಮಾಡುವಂಥದ್ದು ಜಾಸ್ತಿ ಇಲ್ಲ.

ಈಗ ಎರಡನೆಯ ಪ್ರಶ್ನೆ ಎದುರಿಗೆ ಬಂತು. ಇದಕ್ಕೆ ಓದಿ ಉತ್ತರ ಹುಡುಕುವುದು ಬೇಡ, ಬಳಸಿ ನೋಡೋಣ ಅಂದುಕೊಂಡೆ. ತಮ್ಮನ ಹತ್ತಿರ ಒಂದು ಹಳೆಯ ಐಫೋನ್ ಸುಮ್ಮನೆ ಬಿದ್ದಿತ್ತು. ಅದನ್ನು ರೀಸೆಟ್ ಮಾಡಿಸಿ ಮೂರು ವಾರಕ್ಕೆ ಪಡೆದೆ. ಸಿಮ್ ಅದಕ್ಕೆ ಹಾಕಿದೆ. ವಾಟ್ಸಾಪ್ ಖಾತೆಯನ್ನು ಮಾತ್ರ ಅಲ್ಲಿಗೆ ಒಯ್ಯಲಿಲ್ಲ. 2023ರಿಂದ ಒಂದೇ ಖಾತೆಯನ್ನು ಇನ್ನೊಂದು ಫೋನಿಗೂ ಲಿಂಕ್ ಮಾಡಬಹುದು, ಕಂಪ್ಯೂಟರಿಗೆ ಮಾಡುವ ಹಾಗೆಯೇ. ಮೂಲ ಖಾತೆ ಹಳೆಯ ಫೋನಿನಲ್ಲೇ ವೈಫೈ ಮೇಲೆ ಕೂತಿತ್ತು. ಎರಡು ವಾರದೊಳಗೆ ಒಮ್ಮೆಯಾದರೂ ಆ ಫೋನಿನಲ್ಲಿ ವಾಟ್ಸಾಪ್ ತೆರೆಯುತ್ತಿರಬೇಕು, ಇಲ್ಲದಿದ್ದರೆ ಲಿಂಕ್ ಕಡಿದುಹೋಗುತ್ತದೆ. ಪ್ರಯೋಗ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಮೊದಲ ನಾಲ್ಕು ದಿನ ಬೆರಳುಗಳೇ ತಪ್ಪುತ್ತಿದ್ದವು. ಆಂಡ್ರಾಯ್ಡ್‌ನಲ್ಲಿ ಪರದೆಯ ಎಡ ಅಂಚಿನಿಂದ ಎಳೆದರೂ ಬಲ ಅಂಚಿನಿಂದ ಎಳೆದರೂ ಹಿಂದಕ್ಕೆ ಹೋಗುತ್ತದೆ, ಎಲ್ಲ ಆ್ಯಪ್‌ನಲ್ಲೂ. ಐಫೋನಿನಲ್ಲಿ ಸಾಮಾನ್ಯವಾಗಿ ಎಡದಿಂದ ಮಾತ್ರ, ಕೆಲವು ಕಡೆ ಮೇಲಿನ ಮೂಲೆಯ ಬಾಣವನ್ನೇ ಒತ್ತಬೇಕು. ದಿನಕ್ಕೆ ನೂರು ಸಲ ಮಾಡುವ ಕೆಲಸ ಇದು. ಒಂದು ವಾರದಲ್ಲಿ ಅದೂ ಒಗ್ಗಿಹೋಯಿತು. ಹಾಗಾಗಿ ಎರಡು ದಿನ ಬಳಸಿ "ಇದು ನನಗೆ ಹಿಡಿಸಲಿಲ್ಲ" ಅನ್ನುವವರಿಗೆ ಇನ್ನೂ ಸ್ವಲ್ಪ ತಾಳಿ ಅನ್ನುತ್ತೇನೆ.

ಇಷ್ಟವಾದದ್ದು ಬಹಳ ಇತ್ತು. ನಡೆಯುತ್ತಾ ತೆಗೆದ ವಿಡಿಯೋ ಅಲುಗಾಡದೆ ಬರುತ್ತಿತ್ತು. ಐಫೋನನ್ನು ನಡೆಸುವ ತಂತ್ರಾಂಶವಾದ ಐಒಎಸ್‌ನ ಹೊಸ ಆವೃತ್ತಿ ಬಿಡುಗಡೆಯಾದ ದಿನವೇ ಅದಕ್ಕೆ ಒಗ್ಗುವ ಎಲ್ಲ ಮಾಡೆಲ್‌ಗಳಿಗೂ ಸಿಗುತ್ತದೆ, ಯಾಕೆಂದರೆ ಫೋನು, ತಂತ್ರಾಂಶ ಎರಡೂ ಒಬ್ಬರದೇ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಹೊಸ ಆವೃತ್ತಿ ಬಿಡುಗಡೆ ಮಾಡಿದ ಮೇಲೆ ಪ್ರತಿ ಕಂಪನಿಯೂ ತನ್ನ ಫೋನಿಗೆ ಹೊಂದಿಸಿ ಕೊಡಬೇಕು. 2015ರ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತ್ತು ಅನ್ನುವುದು ಸಣ್ಣ ಮಾತಲ್ಲ.

ದಾಟುವುದು ಎಷ್ಟು ಕಷ್ಟ ಎಂಬುದರಲ್ಲಿ ನನ್ನ ಊಹೆಗಳು ತಲೆಕೆಳಗಾದವು. ಕಾಂಟ್ಯಾಕ್ಟ್ ಹೋದೀತು ಅಂತ ಹೆದರಿದ್ದೆ. ಗೂಗಲ್ ಖಾತೆ ಸೇರಿಸಿದ ಕೂಡಲೇ ಬಂದವು. ಬಾರದೆ ಉಳಿದದ್ದು ಫೋನಿನ ಮೆಮೊರಿಯಲ್ಲಿ ಮಾತ್ರ ಸೇವ್ ಮಾಡಿದ್ದ ಮೂವತ್ತು ಚಿಲ್ಲರೆ ನಂಬರ್. ಇಮೇಲ್, ಪಾಸ್‌ವರ್ಡ್, ಕ್ಯಾಲೆಂಡರ್ ಯಾವುದೂ ತೊಂದರೆ ಕೊಡಲಿಲ್ಲ. ನಾನು ಎಣಿಸದೇ ಇದ್ದ ಕಡೆಯಲ್ಲೇ ತಡೆಗಳಿದ್ದವು. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಒಂದು ಸ್ಟೋರಿನಿಂದ ಇನ್ನೊಂದಕ್ಕೆ ಬರುವುದಿಲ್ಲ, ಮತ್ತೆ ಕೊಳ್ಳಬೇಕು. ಪ್ಲೇ ಸ್ಟೋರ್ ಮೂಲಕ ಮಾಡಿದ ಚಂದಾಗಳನ್ನು ಅಲ್ಲಿಯೇ ಹೋಗಿ ರದ್ದು ಮಾಡಬೇಕು. ನನ್ನ ಸ್ಮಾರ್ಟ್‌ವಾಚ್ ಐಫೋನಿನ ಜೊತೆ ಸೇರುವುದೇ ಇಲ್ಲ. ಆಪಲ್ ವಾಚ್ ಇರುವವರು ಆಂಡ್ರಾಯ್ಡ್‌ಗೆ ಬಂದರೂ ಇದೇ ಕಥೆ. ಇಂಥವನ್ನೆಲ್ಲ ಸೇರಿಸಿದರೆ ಫೋನಿನ ಬೆಲೆ ಒಂದು, ದಾಟುವ ಬೆಲೆ ಇನ್ನೊಂದು.

ಹಳೆಯ ಚಾಟ್‌ಗಳ ವಿಷಯದಲ್ಲಿ ತಮ್ಮ ಮೊದಲೇ ಎಚ್ಚರಿಸಿದ್ದ. ಗೂಗಲ್ ಡ್ರೈವ್‌ನಲ್ಲಿರುವ ವಾಟ್ಸಾಪ್ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ. ಆಪಲ್‌ನ ಐಕ್ಲೌಡ್‌ನಲ್ಲಿರುವುದು ಆಂಡ್ರಾಯ್ಡ್‌ನಲ್ಲಿ ತೆರೆಯುವುದಿಲ್ಲ. ಆಂಡ್ರಾಯ್ಡ್‌ನಿಂದ ಒಯ್ಯಲು 'ಮೂವ್ ಟು ಐಒಎಸ್' ಆ್ಯಪ್ ಬಳಸುತ್ತಾರೆ. ಅದು ಕೆಲಸ ಮಾಡುವುದು ಹೊಸ ಐಫೋನನ್ನು ಮೊದಲ ಸಲ ಸೆಟಪ್ ಮಾಡುವಾಗ. "ಖುಷಿಯಲ್ಲಿ ಮೊದಲು ಫೋನ್ ಶುರುಮಾಡಿಬಿಟ್ಟರೆ ಮತ್ತೆ ರೀಸೆಟ್ ಮಾಡ್ಬೇಕಾಗತ್ತೆ ಅಕ್ಕಾ" ಎಂದಿದ್ದ. ದಾಟುವ ಮನಸ್ಸಿರುವವರು ಈ ಒಂದು ಮಾತನ್ನು ಮರೆಯಬೇಡಿ.

ಇಷ್ಟೆಲ್ಲ ಆದರೂ ಮೂರನೆಯ ವಾರದ ಹೊತ್ತಿಗೆ ನಾನು ಐಫೋನಿನ ಕಡೆಗೇ ವಾಲಿದ್ದೆ. ತಡೆಗಳೆಲ್ಲ ಒಂದು ಸಲದವು, ದಾಟಿದ ಮೇಲೆ ಮುಗಿಯಿತು ಅಂತ ಲೆಕ್ಕ ಹಾಕಿದ್ದೆ.

ಆಗ ಅಮ್ಮನ ಕರೆ ಬಂತು. "ಏನೋ ಕೇಳ್ತಾ ಇದೆ ಪುಟ್ಟಿ, ಒತ್ತಲಾ ಬೇಡ್ವಾ?" ಅಮ್ಮನ ಫೋನ್ ನನ್ನ ಹಳೆಯ ಫೋನಿನ ಕಂಪನಿಯದೇ. ಇಷ್ಟು ವರ್ಷ ಇಂಥ ಕರೆ ಬಂದಾಗ ನನ್ನ ಫೋನಿನಲ್ಲಿ ಅದೇ ಪುಟ ತೆರೆದು, "ಅಮ್ಮಾ, ಕೆಳಗೆ ಎಡಗಡೆ ಮೂರು ಗೆರೆ ಕಾಣ್ತಿದೆಯಾ? ಅದನ್ನ ಒತ್ತು. ಈಗ ನಾಲ್ಕನೇ ಸಾಲು ನೋಡು" ಅನ್ನುತ್ತಿದ್ದೆ. ಅಮ್ಮನಿಗೆ ಏನು ಕಾಣುತ್ತದೋ ನನಗೂ ಅದೇ ಕಾಣುತ್ತಿತ್ತು. ಈಗ ಕೈಯಲ್ಲಿದ್ದ ಐಫೋನಿನಲ್ಲಿ ಆ ಪುಟವೇ ಇರಲಿಲ್ಲ. ಎದ್ದು ಹೋಗಿ ಹಳೆಯ ಫೋನ್ ತಂದೆ. ಆಮೇಲೆ ನೆನಪಿಸಿಕೊಂಡರೆ, ಮೂರು ವಾರದಲ್ಲಿ ಇದು ನಾಲ್ಕನೆಯ ಸಲ. ಪ್ರತಿ ಸಲವೂ ಹಳೆಯ ಫೋನ್ ಪಕ್ಕದಲ್ಲೇ ಇತ್ತು, ಹಾಗಾಗಿ ತಡೆ ಅಂತ ಅನ್ನಿಸಿಯೇ ಇರಲಿಲ್ಲ.

ಇದು ಒಂದು ಸಲ ಆಗಿ ಮುಗಿಯುವ ತಡೆ ಅಲ್ಲ. ವರ್ಷಗಟ್ಟಲೆ ಇರುವುದು. ಅಮ್ಮನಿಗೂ ಐಫೋನ್ ಕೊಡಿಸಬಹುದಲ್ಲ ಎಂದು ತಮ್ಮ ಕೇಳಿದ. ಅಮ್ಮ ಆ ಫೋನನ್ನು ಕಲಿಯಲು ಎರಡು ವರ್ಷ ಪಟ್ಟ ಶ್ರಮ ನಾನು ನೋಡಿದ್ದೇನೆ. ಒಂದೊಂದು ಗುಂಡಿಯ ಜಾಗವೂ ಅವರ ಬೆರಳಿಗೆ ನೆನಪಿದೆ. ಅದನ್ನು ನನ್ನ ಅನುಕೂಲಕ್ಕಾಗಿ ಅಳಿಸಿ ಮತ್ತೆ ಮೊದಲಿಂದ ಶುರುಮಾಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಮನೆಮಂದಿಯೆಲ್ಲ ಐಫೋನ್ ಬಳಸುವ ಕಡೆ ಇದೇ ಕಾರಣ ಅತ್ತ ಎಳೆಯಬಹುದು, ಅದೂ ಸರಿಯೇ. ನಾನು ಆಂಡ್ರಾಯ್ಡ್‌ನಲ್ಲೇ ಉಳಿದೆ.

ಆಮೇಲೆ ಮಾಡೆಲ್ ಆರಿಸುವುದು ಬೇಗ ಮುಗಿಯಿತು. ಬೆಲೆಯನ್ನು ಉಳಿದಿರುವ ಅಪ್‌ಡೇಟ್ ವರ್ಷಗಳಿಂದ ಭಾಗಿಸಿದೆ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಈ ವರ್ಷಗಳನ್ನು ಎಣಿಸುವುದು ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದ ಅಲ್ಲ. ವರ್ಷ ಹಳೆಯ ಮಾಡೆಲ್ ಆದರೆ 7ರಲ್ಲಿ 6 ಉಳಿಯಿತು. ಬೆಲೆ ಏಳನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿದ್ದರೆ ಅದೇ ಲಾಭ. ಇನ್ನೊಂದು ಗಮನಿಸಿ: ಹೊಸ ಆಂಡ್ರಾಯ್ಡ್ ಆವೃತ್ತಿ ಎಷ್ಟು ವರ್ಷ, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂಬುದು ಹಲವು ಫೋನುಗಳಲ್ಲಿ ಬೇರೆ ಬೇರೆ. ನನಗೆ ಮುಖ್ಯವಾದದ್ದು ಎರಡನೆಯದು. ಒಂದು ವರ್ಷ ಹಳೆಯ, 7 ವರ್ಷದ ಮಾತಿರುವ ಫೋನನ್ನೇ ತಗೊಂಡೆ. ಚೀಟಿ ನೆನಪಿದ್ದರಿಂದ ಸ್ಟೋರೇಜ್ ಮಾತ್ರ 256 ಜಿಬಿ ಇರಲಿ ಅಂದೆ.

ಹೊಸದು ಬಂದ ದಿನ ಹಳೆಯದನ್ನು ಅಳಿಸಲಿಲ್ಲ. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಫೋನ್ ಬದಲಿಸಿದಾಗ ಎರಡನೇ ದಿನವೇ ಹಳೆಯದನ್ನು ರೀಸೆಟ್ ಮಾಡಿದ್ದೆ. ಎರಡು ಹಂತದ ಲಾಗಿನ್ ಕೋಡ್ ಕೊಡುವ ಆ್ಯಪ್ ಅದರೊಳಗೇ ಇತ್ತು. ಕೋಡ್‌ಗಳೆಲ್ಲ ಹೋದವು, ನನ್ನದೇ ಇಮೇಲ್‌ಗೆ ಹೋಗಲು ಆರು ದಿನ ಬೇಕಾಯಿತು. ಈ ಸಲ ಮೊದಲು ಮಾಡಿದ ಕೆಲಸವೇ ಕ್ಯೂಆರ್ ಕೋಡ್ ತೋರಿಸಿ ಆ ಖಾತೆಗಳನ್ನು ಹೊಸ ಫೋನಿಗೆ ಒಯ್ದದ್ದು. ಬಳಿಕ ಒಂದೊಂದೇ ಖಾತೆಗೆ ಲಾಗಿನ್ ಆಗಿ ಪರೀಕ್ಷಿಸಿದೆ. ಬ್ಯಾಂಕಿನ ಆ್ಯಪ್‌ಗಳಲ್ಲಿ ಮತ್ತೆ ನೋಂದಾಯಿಸಿಕೊಂಡೆ.

ಹಳೆಯ ಫೋನ್ ಒಂದು ತಿಂಗಳು ಡ್ರಾಯರಿನಲ್ಲಿತ್ತು. ಆ ತಿಂಗಳಲ್ಲಿ ಎರಡು ಸಲ ಅದನ್ನು ತೆಗೆಯಬೇಕಾಯಿತು. ಒಮ್ಮೆ ನೋಟ್ಸ್ ಆ್ಯಪ್‌ನಲ್ಲಿ ಉಳಿದುಹೋಗಿದ್ದ ಒಂದು ಪುಟಕ್ಕೆ, ಇನ್ನೊಮ್ಮೆ ರೆಕಾರ್ಡ್ ಮಾಡಿಟ್ಟಿದ್ದ ಧ್ವನಿಗೆ. ಆಮೇಲೆ ಅದರಿಂದ ಮೊದಲು ಗೂಗಲ್ ಖಾತೆ ತೆಗೆದೆ, ನಂತರ ರೀಸೆಟ್ ಮಾಡಿದೆ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಮುಂದೆ ಆನ್ ಮಾಡುವವರಿಗೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುವ ಸಾಧ್ಯತೆ ಇರುತ್ತದೆ. ಸಿಮ್ ಟ್ರೇ ಎಳೆದು, ಮೆಮೊರಿ ಕಾರ್ಡ್ ಒಳಗೆ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡೆ. ಅಪ್‌ಡೇಟ್ ಇಲ್ಲದ ಫೋನನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ, ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿದೆ.