ಹಿಮದ ಮೇಲೆ ಉದುರಿದ ಮದ್ದು: ಕಡಿಮೆ ಒತ್ತಡದ ತೋಟಾ ಕಟ್ಟಿದ ನನ್ನ ಅನುಭವ

ಅಮೆರಿಕದ ಮಿನ್ನೆಸೋಟಾದಲ್ಲಿ ನೆಲೆಸಿರುವ ನಾನು, ಹಾರುವ ಕ್ಲೇ ತಟ್ಟೆಗಳಿಗೆ ಗುರಿಯಿಡುವ ಟ್ರ್ಯಾಪ್ ಆಟಕ್ಕೆ ಬಳಸುವುದು 1930ರ ದಶಕದ 12 ಬೋರಿನ ಜೋಡಿನಳಿಗೆ ಕೋವಿಯನ್ನು. ಅದರ ನಳಿಗೆಗಳ ದಪ್ಪವನ್ನು ಅಳೆದು ನೋಡಿದ ಕುಶಲಿಗರು ಕೋವಿ ಗಟ್ಟಿಯಾಗಿದೆಯೆಂದರೂ, ಹಳೆಯ ಮರಕ್ಕೂ ಕೀಲುಗಳಿಗೂ ಹಗುರ ತೋಟಾಗಳೇ ಲೇಸೆಂದು ಎಚ್ಚರಿಸಿದ್ದರು. ಈ ಅಳತೆಯ ಸಾಮಾನ್ಯ ತೋಟಾಗೆ ಇಲ್ಲಿನ ಮಾನದಂಡವು ಚದರ ಇಂಚಿಗೆ 11,500 ಪೌಂಡ್ ಒತ್ತಡದವರೆಗೆ ಅವಕಾಶ ಕೊಡುತ್ತದೆ. ನನಗೆ 8,000ಕ್ಕಿಂತ ಕೆಳಗಿರುವುದು ಬೇಕಾಗಿದ್ದರಿಂದ ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಸಲು ತೊಡಗಿದೆ.

ಮೊದಲ ಚಳಿಗಾಲದಲ್ಲಿ ಕೈಯಲ್ಲಿದ್ದ ಯೂನಿಕ್ ಎಂಬ ಮದ್ದನ್ನೇ ಬಳಸಿ, ಒಂದು ಔನ್ಸ್ ಚರೆಗೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳಿಗೆ, ತೋಟಾ ತುಂಬುವವರ ಕೈಪಿಡಿ ತನ್ನ ಪಟ್ಟಿಯಲ್ಲಿ ತೋರಿಸುವ ಅತಿ ಕಡಿಮೆ ಒತ್ತಡದ ಸಾಲನ್ನು ಆರಿಸಿಕೊಂಡೆ. ನಾಲ್ಕೈದು ಈಡು ಹಾರಿಸಿ ಕೆಳಗೆ ನೋಡಿದಾಗ, ನಿಂತಲ್ಲಿಂದ ಎರಡು ಮಾರು ಮುಂದಿನವರೆಗೂ ಬಿಳಿ ಹಿಮದ ಮೇಲೆ ರಾಗಿ ಕಾಳಿನಷ್ಟಿರುವ ಬೂದುಬಣ್ಣದ ಚಪ್ಪಟೆ ಚೂರುಗಳು ಚೆಲ್ಲಿದ್ದವು. ಅವು ಉರಿಯದೆ ಹೊರಬಿದ್ದ ಮದ್ದು. ಕೋವಿ ಮಡಚಿದರೆ ಅವೇ ಚೂರುಗಳು ತೋಟಾ ಹೊರದೂಡುವ ಪಟ್ಟಿಯ ಕೆಳಗೆ ಸೇರಿಕೊಂಡು, ಕೋವಿ ಸರಿಯಾಗಿ ಮುಚ್ಚದಂತಾಗಿತ್ತು. ಸದ್ದೂ ಒಂದೇ ಸಮನಾಗಿರಲಿಲ್ಲ. ಒಂದು ಈಡಂತೂ ಬುಸ್ಸೆಂದು ನಿಂತಂತಾಯಿತು. ತಕ್ಷಣ ಕೋವಿಯನ್ನು ಬರಿದು ಮಾಡಿ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದೆ; ಮದ್ದಿಗೂ ಚರೆಗೂ ನಡುವೆ ಕೂರುವ ಪ್ಲಾಸ್ಟಿಕ್ ಬಟ್ಟಲು, ಅಂದರೆ ವ್ಯಾಡ್, ಹೊರಗೆ ಹೋಗಿ ಹತ್ತಿರದಲ್ಲೇ ಬಿದ್ದಿತ್ತು. ಅದು ಒಳಗೇ ಸಿಕ್ಕಿಕೊಂಡಿದ್ದು, ಹಿಂದೆಯೇ ಇನ್ನೊಂದು ಈಡು ಹಾರಿಸಿದ್ದರೆ ನಳಿಗೆ ಸಿಡಿಯಬಹುದಿತ್ತು. ಅಂದಿನ ಆಟವನ್ನು ಅಲ್ಲಿಗೇ ನಿಲ್ಲಿಸಿದೆ.

ಆ ಮದ್ದೇ ಕೊಳಕೆಂದು ದೂರುವುದು ಸುಲಭವಿತ್ತು, ಆದರೆ ಅದು ತಪ್ಪಾಗುತ್ತಿತ್ತು. ಹೊಗೆರಹಿತ ಮದ್ದು ಉರಿಯುವ ವೇಗ ಅದರ ಸುತ್ತಲಿನ ಒತ್ತಡವನ್ನೇ ಅವಲಂಬಿಸಿದೆ. ಒತ್ತಡ ಏರಿದಷ್ಟೂ ಉರಿ ಚುರುಕಾಗುತ್ತದೆ, ಒತ್ತಡ ಸಾಲದಿದ್ದರೆ ಚರೆ ನಳಿಗೆ ದಾಟುವ ಹೊತ್ತಿಗೂ ಉರಿ ಮುಗಿದಿರುವುದಿಲ್ಲ. ಯೂನಿಕ್ ನಡುವೇಗದ ಮದ್ದಾಗಿದ್ದು, ಭಾರದ ಚರೆಯಡಿ ಅದೇ ಮದ್ದು ಅಚ್ಚುಕಟ್ಟಾಗಿ ಉರಿಯುತ್ತದೆ. ನನ್ನ ಹಗುರ ತೋಟಾಗೆ ಬೇಕಾಗಿದ್ದದ್ದು ಕಡಿಮೆ ಒತ್ತಡದಲ್ಲೇ ಉರಿದು ಮುಗಿಯುವ ವೇಗದ ಮದ್ದು. ವೇಗದ ಮದ್ದಿನಿಂದ ಒತ್ತಡ ಏರುವುದೆಂಬ ಅಳುಕು ನನಗೂ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಚರೆಯ ತೂಕದಲ್ಲಿ: ಒಂದು ಔನ್ಸಿನಿಂದ ಎಂಟನೇ ಏಳು ಔನ್ಸಿಗೆ, ಅಂದರೆ ಸುಮಾರು 25 ಗ್ರಾಮಿಗೆ ಇಳಿದಾಗ, ವೇಗದ ಮದ್ದಿನಲ್ಲೂ ನನ್ನ ಮಿತಿಯೊಳಗೆ ನಿಲ್ಲುವ ಸಾಲುಗಳು ಕೈಪಿಡಿಯಲ್ಲಿ ದೊರೆತವು.

ರೆಡ್ ಡಾಟ್ ಮತ್ತು ಕ್ಲೇಸ್ ಎಂಬ ಎರಡು ವೇಗದ ಮದ್ದುಗಳನ್ನೂ ಹೀಗೆ ಕಟ್ಟಿ, ಹಿಮದ ಮೇಲೆ ಹಳೆಯ ಬಿಳಿ ಹೊದಿಕೆ ಹಾಸಿ, ತಲಾ 10 ಈಡು ಹಾರಿಸಿದೆ. ರೆಡ್ ಡಾಟಿನಲ್ಲಿ ಗುರುತಿಗೆಂದು ಬೆರೆಸಿರುವ ಕೆಂಪು ಚೂರುಗಳಲ್ಲಿ ಎರಡು ಮೂರು ಬಟ್ಟೆಯ ಮೇಲೆ ಕಂಡವು, ಕ್ಲೇಸಿನಲ್ಲಿ ಏನೂ ಕಾಣಲಿಲ್ಲ. ನಳಿಗೆಗೆ ತೂರಿಸಿದ ಬಟ್ಟೆಯೂ ತೆಳು ಬೂದಿಬಣ್ಣಕ್ಕಷ್ಟೇ ತಿರುಗಿತ್ತು. ನಾನು ಕ್ಲೇಸನ್ನು ಇಟ್ಟುಕೊಂಡೆ.

ಆದರೂ ಮದ್ದೊಂದರಿಂದಲೇ ಕೆಲಸ ಮುಗಿಯಲಿಲ್ಲ. ಚರೆ ಕಡಿಮೆಯಾದಾಗ ಭಾರದ ಚರೆಗೆಂದು ಮಾಡಿದ ವ್ಯಾಡಿನ ಮೇಲೆ ಜಾಗ ಉಳಿದು, ತೋಟಾದ ಬಾಯಿಯ ಮಡಿಕೆ ಒಳಕ್ಕೆ ಕುಸಿಯುತ್ತದೆ. ಸಡಿಲವಾಗಿ ಮುಚ್ಚಿದ ತೋಟಾದಲ್ಲಿ ಎಂಥ ಮದ್ದೂ ಅರೆಬರೆ ಉರಿಯುತ್ತದೆ. ಆದ್ದರಿಂದ ಅದೇ ತೂಕದ ಚರೆಗೆಂದು ಕೈಪಿಡಿ ಹೆಸರಿಸಿದ ವ್ಯಾಡನ್ನೇ ತರಿಸಿ, ಬಾಯಿ ಗಟ್ಟಿಯಾಗಿ ಕೂರುವವರೆಗೂ ತೋಟಾ ತುಂಬುವ ಯಂತ್ರವನ್ನು ತಿದ್ದಿಕೊಂಡೆ. ಮದ್ದಿಗೆ ಕಿಡಿ ಹೊತ್ತಿಸುವ ಕೇಪನ್ನು ಮಾತ್ರ ನನ್ನಿಚ್ಛೆಯಂತೆ ಬದಲಿಸಲಿಲ್ಲ, ಏಕೆಂದರೆ ಉಳಿದುದೆಲ್ಲ ಹಾಗೇ ಇದ್ದರೂ ಕೇಪೊಂದು ಬದಲಾದರೆ ಒತ್ತಡ ಸಾವಿರ ಪೌಂಡಿಗೂ ಮೀರಿ ಏರಿಳಿಯಬಹುದು. ಮದ್ದನ್ನು ಕೈಪಿಡಿಯ ಅಳತೆಗಿಂತ ಇಳಿಸಿ ಒತ್ತಡ ತಗ್ಗಿಸಲು ಹೋಗುವವರಿಗೆ ನಾನು ಆ ಬುಸ್ಸೆಂದ ಈಡಿನ ಕಥೆಯನ್ನೇ ಹೇಳುತ್ತೇನೆ. ಯಂತ್ರದಲ್ಲಿ ಮದ್ದನ್ನು ಅಳೆದು ಸುರಿಸುವ ಅಳತೆಗುಂಡಿ, ಪಟ್ಟಿಯಲ್ಲಿರುವುದಕ್ಕಿಂತ ಕಡಿಮೆ ಮದ್ದು ಸುರಿಸುವುದೂ ಉಂಟು. ಹಾಗಾಗಿ ಪ್ರತಿ ಸಲ ಕೂತಾಗಲೂ ಮೊದಲ 10 ಅಳತೆಗಳನ್ನು ತಕ್ಕಡಿಗೆ ಹಾಕಿ ನೋಡಿದ ಮೇಲೆಯೇ ತೋಟಾ ಕಟ್ಟಲು ಶುರುಮಾಡುತ್ತೇನೆ.